ಹಲ್ಲಿಗೆ ಉಜ್ಜಿ ನೋಡಿದ ಮುತ್ತು

'ಗೊತ್ತಿಲ್ಲ' ಎಂಬ ಮಾತು ನನ್ನ ಬಾಯಲ್ಲಿ ಬರುವುದು ಕಷ್ಟ. ಮೂವತ್ತು ವರ್ಷ ನರಸಿಂಹರಾಜಪುರದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನಿಗೆ ಅದು ಅಭ್ಯಾಸವಾಗುವುದಾದರೂ ಹೇಗೆ? ನಿವೃತ್ತನಾಗಿ ಕೊಪ್ಪಕ್ಕೆ ಬಂದ ಮೇಲೂ ಪಕ್ಕದ ಮನೆಯವರ ಮಿಕ್ಸಿಯಿಂದ ನೆಂಟರ ಮಂಡಿನೋವಿನವರೆಗೆ ಎಲ್ಲದಕ್ಕೂ ನನ್ನಲ್ಲಿ ಉತ್ತರವಿದೆ. ಕೇಳುವವರು ಕಡಿಮೆಯಾಗಿದ್ದಾರೆ, ಅಷ್ಟೇ.

ಶೃಂಗೇರಿಯ ನಮ್ಮ ಅತ್ತೆ ತೀರಿಕೊಳ್ಳುವ ಮುಂಚೆ ಹಿರಿಮಗಳಿಗೆ ಬಂಗಾರದ ಬಳೆ, ಕಿರಿಮಗಳಾದ ನನ್ನ ಹೆಂಡತಿ ಸುಮಿತ್ರೆಗೆ ಒಂದೆಳೆ ಮುತ್ತಿನ ಸರ ಎಂದು ಹೇಳಿಟ್ಟಿದ್ದರು. ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನಿಂದ ಅವಳ ಅಕ್ಕ ಫೋನಿನಲ್ಲಿ, "ಅಸಲಿ ಹೌದಾ ಅದು? ದೇವಸ್ಥಾನದ ಎದುರಿನ ಅಂಗಡೀಲೂ ಅಂಥದ್ದು ಸಿಗ್ತದೆ ಮಾರಾಯ್ತಿ. ಒಂದು ಫೋಟೋ ಕಳ್ಸು, ನೋಡಾಣ" ಎಂದಳು. ಫೋಟೋ ಎಂದ ಮೇಲೆ ನಾನು ಸುಮ್ಮನಿರುತ್ತೇನೆಯೇ? ಬಿಳಿ ವಸ್ತುವಿಗೆ ಕಪ್ಪು ಹಿನ್ನೆಲೆ ಬೇಕು. ಜಗುಲಿಯಲ್ಲಿ ಕೊಡೆ ಬಿಚ್ಚಿ, ಅದರ ಮೇಲೆ ಸರ ಹರಡಿದೆ. ಸರ ಜಾರಿತು. ಮೊದಲನೆಯ ಫೋಟೋದಲ್ಲಿ ನನ್ನ ಹೆಬ್ಬೆರಳು, ಎರಡನೆಯದರಲ್ಲಿ ಬರೀ ಕೊಡೆ. ಮೂರನೆಯದಕ್ಕೆ ಅಕ್ಕನ ಉತ್ತರ ಬಂತು: "ಇದೆಂತದು, ಸಾಬಕ್ಕಿ ಒಣಗಿಸಿದ್ದಾ?"

ನನಗೆ ರೇಗಿಹೋಯಿತು. "ಫೋಟೋ ಬಿಡು, ಪರೀಕ್ಷೆ ಮಾಡಿಯೇ ಹೇಳ್ತೀನಿ, ಕೊಡು ಇಲ್ಲಿ" ಎಂದೆ. ಅಸಲಿ ಮುತ್ತನ್ನು ಹಲ್ಲಿಗೆ ಉಜ್ಜಿದರೆ ತರಿತರಿಯಾಗಿರುತ್ತದೆ, ನಕಲಿ ನುಣುಪು. ಉಜ್ಜಿದೆ. ಬೆಣ್ಣೆಯ ಹಾಗೆ ನುಣುಪು! "ಗಾಜು" ಎಂದು ತೀರ್ಪು ಕೊಟ್ಟೆ.

ಸುಮಿತ್ರೆ ಸರವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಆಮೇಲೆ, "ಕಡೇ ಮೂರು ವರ್ಷ ಅಮ್ಮನ್ನ ನೋಡ್ಕೊಂಡಿದ್ದು ನಾನು. ಅಕ್ಕಂಗೆ ಬಂಗಾರ, ನಂಗೆ ಗಾಜಾ?" ಎಂದು ಕಣ್ಣೊರೆಸಿಕೊಂಡಳು. ಒಳಗೆ ಹೋಗಿ ಅವಳಿಗೆ ಒಂದು ಲೋಟ ನೀರು ತಂದುಕೊಟ್ಟೆ. ಆದರೂ ನನ್ನ ಪರೀಕ್ಷೆ ತಪ್ಪಿರಬಹುದು ಎಂದು ಮಾತ್ರ ತೋಚಲೇ ಇಲ್ಲ, ನೋಡಿ.

ಅವಳ ಸಮಾಧಾನಕ್ಕೆಂದು ಮರುದಿನ ಪೇಟೆಯ ಆಚಾರ್ರ ಬಳಿ ಹೋದೆವು. ಒಡವೆ ಕೆಲಸದಲ್ಲೇ ತಲೆ ಹಣ್ಣಾದವರು. ಒಂದು ಮುತ್ತನ್ನು ತಮ್ಮ ಮುಂದಿನ ಹಲ್ಲಿಗೆ ಉಜ್ಜಿ, "ಅಪ್ಪಟ ಮುತ್ತು ಅಮ್ಮಾ. ಇಂಥದ್ದು ಈಗ ಎಲ್ಲಿ ಬರ್ತದೆ!" ಎಂದರು.

"ಆಚಾರ್ರೇ, ನಾನೇ ಹಲ್ಲಿಗೆ ಉಜ್ಜಿ ನೋಡಿದೀನಿ. ನುಣ್ಣಗಿತ್ತು" ಎಂದೆ, ಜೋರಾಗಿಯೇ.

ಆಚಾರ್ರು ಕನ್ನಡಕ ಏರಿಸಿ, ಸರ ಬಿಟ್ಟು ನನ್ನ ಬಾಯಿಯನ್ನೇ ನೋಡಿದರು. "ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಮೇಲಿನ ಸಾಲು ಕಟ್ಟಿಸಿದ್ದಲ್ವಾ?"

ಹೌದು. ಹೋದ ವರ್ಷ ಬಾಳಗಡಿಯ ಹಲ್ಲಿನ ಡಾಕ್ಟರ ಹತ್ತಿರ, ಪೂರ್ತಿ ಸಾಲು.

"ಆ ಹಲ್ಲಿಗೆ ಮುತ್ತೂ ಒಂದೇ, ಕಡ್ಲೆಕಾಳೂ ಒಂದೇ ಮಾರಾಯ್ರೆ."

ಸುಮಿತ್ರೆ ಅಳುತ್ತಲೇ ನಕ್ಕಳು. "ಅಮ್ಮ ನಂಗೆ ಮೋಸ ಮಾಡಿಲ್ಲ" ಎನ್ನುತ್ತ ಸರವನ್ನು ಅಲ್ಲೇ ಹಾಕಿಕೊಂಡಳು. ಆಚಾರ್ರು ನಮ್ಮಿಬ್ಬರ ಫೋಟೋ ತೆಗೆದರು. ಒಂದೇ ಸಲಕ್ಕೆ, ಕೊಡೆಯಿಲ್ಲದೆ, ಚೊಕ್ಕವಾಗಿ ಬಂತು. ಅಕ್ಕನಿಗೆ ಕಳಿಸಿದ ನಿಮಿಷಕ್ಕೇ ಉತ್ತರ: "ಸರ ಭಾರೀ ಚಂದ ಉಂಟು. ಮೇಷ್ಟ್ರು ಯಾಕೆ ಬಾಯಿ ಬಿಗಿ ಹಿಡ್ಕೊಂಡಿದಾರೆ?"

ನನ್ನ ಕೈಯಿಂದ ಫೋನು ಕಿತ್ತುಕೊಂಡು ಸುಮಿತ್ರೆಯೇ ಟೈಪು ಮಾಡಿದಳು: "ನಕಲಿ ಮಾಲು ಫೋಟೋದಲ್ಲಿ ಬೀಳೋದು ಬೇಡ ಅಂತ."