ಮೂವತ್ತೆಂಟು ಡಿಗ್ರಿ ಕಾಫಿ

ಮಗುವಿನ ಮೇಲೆ ಬಿಸಿ ಕಾಫಿ ಚೆಲ್ಲಿಬಿಟ್ಟರೆ? ಈ ಪ್ರಶ್ನೆ ಅವಳ ತಲೆಯಲ್ಲಿ ಗೂಡು ಕಟ್ಟಿ ಹದಿನೈದು ದಿನವಾಗಿತ್ತು. ಹತ್ತು ತಿಂಗಳ ಮಗಳು ಕಂಡದ್ದನ್ನೆಲ್ಲ ಹಿಡಿದೆಳೆಯುವ ಕಾಲ. ಅತ್ತೆಯೋ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಬೆಯಾಡುವ ಲೋಟವನ್ನು ಅವಳ ನೆತ್ತಿಯ ಮೇಲಿಂದಲೇ ಬಾಯಿಗೊಯ್ಯುವವರು. ಒಂದೊಂದು ಗುಟುಕಿಗೂ ಸೊಸೆ ಕುರ್ಚಿಯಿಂದ ಅರ್ಧ ಏಳುತ್ತಿದ್ದಳು. ಹೇಳೋಣವೆಂದರೆ ನಾಲಿಗೆ ಏಳದು. ಸೋಮವಾರದಿಂದ ಅವಳು ಮತ್ತೆ ಆಫೀಸಿಗೆ ಹೋಗಬೇಕು. ಮಗುವನ್ನು ನೋಡಿಕೊಳ್ಳಲೆಂದೇ ಅತ್ತೆ ಬಂದಿದ್ದರು.

ಕೊನೆಗೆ ಶನಿವಾರ ಬೆಳಿಗ್ಗೆ ಘನಘೋರ ಶಪಥ ತೊಟ್ಟಳು: ಮಗುವಿನ ಸ್ನಾನದ ನೀರಿಗಿಂತ, ಅಂದರೆ ಮೂವತ್ತೆಂಟು ಡಿಗ್ರಿಗಿಂತ, ಬಿಸಿಯಾದದ್ದು ಯಾವುದೂ ಇನ್ನು ಅಡುಗೆಮನೆಯ ಹೊಸ್ತಿಲು ದಾಟಕೂಡದು!

ಆ ನೀರಿನ ಬಿಸಿ ಅಳೆಯಲು ಹಳದಿ ಪ್ಲಾಸ್ಟಿಕ್ ಬಾತುಕೋಳಿಯೊಂದಿತ್ತು. ನೀರಿಗೆ ಬಿಟ್ಟರೆ ತೇಲುತ್ತ ಬೆನ್ನಿನ ಮೇಲೆ ಡಿಗ್ರಿ ತೋರಿಸುತ್ತಿತ್ತು. ಅದನ್ನೇ ಕಾಫಿಯ ಪಾತ್ರೆಗೆ ಇಳಿಬಿಟ್ಟು ಕಾಯುತ್ತ ನಿಂತಳು. ಕಾಫಿಯ ಮೇಲೆ ಕೆನೆ ಕಟ್ಟುವ ಹೊತ್ತಿಗೆ ಅತ್ತೆ ಬಂದರು.

"ಇದೇನಮ್ಮ ಇದು?"

"ಮೂವತ್ತೆಂಟಕ್ಕೆ ಇಳೀಲಿ ಅತ್ತೆ, ಕೊಡ್ತೀನಿ."

"ಬಾತುಕೋಳಿ ಮಿಂದ ಕಾಫಿನ ನಾನು ಕುಡೀಬೇಕಾ?"

"ತೊಳೆದೇ ಹಾಕಿದ್ದು ಅತ್ತೆ. ಸೋಪು ಹಚ್ಚಿ."

ಸೋಪಿನ ಮಾತು ಎತ್ತಬಾರದಿತ್ತು. ಅರ್ಧ ಗಂಟೆಯಲ್ಲಿ ಅತ್ತೆಯ ಬ್ಯಾಗು ತುಂಬಿ, ಊರಿನ ಇನ್ನೊಂದು ತುದಿಯಲ್ಲಿದ್ದ ಮಗಳ ಮನೆಯತ್ತ ಹೊರಟೇಬಿಟ್ಟಿತು.

"ನೀವೇ ಫೋನ್ ಮಾಡಿ ಕರೀರಿ," ಎಂದಳು ಗಂಡನಿಗೆ.

"ಬಾತುಕೋಳಿ ಬಿಟ್ಟಿದ್ದು ನಾನಲ್ಲ."

ಭಾನುವಾರ ಬೆಳಿಗ್ಗೆ ಮಗುವಿನ ಸ್ನಾನ. ಬಾತುಕೋಳಿ ನಲವತ್ತೇಳು ತೋರಿಸಿತು. ಅವಳು ಹೌಹಾರಿ ಒಂದು ಚೆಂಬು ತಣ್ಣೀರು ಸುರಿದಳು. ನಲವತ್ತೇಳು. ಇನ್ನೆರಡು ಚೆಂಬು. ನಲವತ್ತೇಳೇ. ಕೈಗೆ ತಣ್ಣಗೆನಿಸಿತು ನಿಜ. ಆದರೆ ಕೈಯನ್ನು ನಂಬಬೇಡಿ, ಅಂಕಿಯನ್ನು ನಂಬಿ ಎಂದು ಪುಸ್ತಕದಲ್ಲಿ ಓದಿದ್ದವಳು. ಅರ್ಧ ಬಕೆಟ್ಟು ಸುರಿದು, ಇನ್ನು ಅಂಕಿ ಇಳಿದೇ ಇಳಿಯುತ್ತದೆಂದು ಮಗುವನ್ನು ಇಳಿಸಿದಳು. ಮಗು ಮನೆ ಹಾರಿಹೋಗುವಂತೆ ಕಿರುಚಿತು. ಅಯ್ಯೋ, ಇನ್ನೂ ಸುಡುತ್ತಿದೆ ಎಂದು ಇನ್ನೊಂದು ಚೆಂಬು ಸುರಿದಳು!

ಸಂಜೆಗೆ ಸೀನು, ಮೂಗು ಸೋರುವುದು, ಹಣೆ ಬೆಚ್ಚಗೆ. ಜ್ವರ ನೋಡುವ ಥರ್ಮಾಮೀಟರಿನ ಬ್ಯಾಟರಿ ಸತ್ತಿತ್ತು. ಬಾತುಕೋಳಿಯನ್ನೇ ಮಗುವಿನ ಕಂಕುಳಿಗೆ ಒತ್ತಿದಳು.

"ರೀ! ನಲವತ್ತೇಳು!"

"ಅಷ್ಟಿದ್ರೆ ಅದು ಮಗು ಅಲ್ಲ, ಇಸ್ತ್ರಿಪೆಟ್ಟಿಗೆ. ಇಲ್ಲಿ ಕೊಡು." ಗಂಡನ ಕಂಕುಳಲ್ಲೂ ನಲವತ್ತೇಳು. ಫ್ರಿಜ್ಜಿನೊಳಗೂ ನಲವತ್ತೇಳು.

ಕುದಿಯುವ ಕಾಫಿಯಲ್ಲಿ ಬಾತುಕೋಳಿಯ ಬುದ್ಧಿ ಬೆಂದುಹೋಗಿತ್ತು. ಅವಳಿಗೆ ಬೆಳಗಿನ ಸ್ನಾನ ನೆನಪಾಯಿತು. ನಾಳೆ ಒಂಬತ್ತಕ್ಕೆ ಆಫೀಸು. ಮಗುವಿಗೆ ಮೈ ಬಿಸಿ. ಫೋನನ್ನು ಮೂರು ಸಲ ಎತ್ತಿದಳು, ಮೂರು ಸಲ ಇಟ್ಟಳು. ನಾಲ್ಕನೆಯ ಸಲ ಒತ್ತಿಯೇಬಿಟ್ಟಳು.

"ಅತ್ತೆ, ಪಾಪುಗೆ ಮೈ ಬಿಸಿ."

"ಕತ್ತಿನ ಹಿಂದೆ ಕೈಯಿಟ್ಟು ನೋಡು. ಆಡ್ತಿದಾಳಾ?"

"ನಿಮ್ಮ ಮಗನ ಕನ್ನಡಕ ಕಿತ್ತು ಬಾಯಿಗೆ ಹಾಕ್ಕೊಂಡಿದಾಳೆ."

"ಹಾಗಿದ್ರೆ ಬರೀ ನೆಗಡಿ. ಯಾವ ನೀರಲ್ಲಿ ಮೀಯಿಸಿದೆ?"

"...ತಣ್ಣೀರಲ್ಲಿ, ಅತ್ತೆ."

ಅವಳಿಗೆ ಅಳು ಬಂತು. "ನೀವು ಕಾಫಿ ಕುಡಿಯೋವಾಗ ಪಾಪು ತೊಡೆ ಮೇಲಿರ್ತಾಳೆ. ನಂಗೆ ಭಯ ಆಗತ್ತೆ, ಅಷ್ಟೇ."

"ಅಷ್ಟೇನಾ? ಹೇಳಿದ್ದಿದ್ರೆ ಅವಳನ್ನ ಕೆಳಗಿಳಿಸಿ ಕುಡೀತಿದ್ದೆನಲ್ಲೇ. ಬಾಯಿಬಿಟ್ಟು ಹೇಳೋದಲ್ವಾ?"

ಹದಿನೈದು ದಿನದ ಸಂಕಟ ಅರ್ಧ ನಿಮಿಷದಲ್ಲಿ ಮುಗಿದಿತ್ತು. ಅವಳ ಕಿವಿ ಬಿಸಿಯಾಯಿತು.

"ಬೆಳಿಗ್ಗೆ ಇವರನ್ನ ಕಳಿಸ್ತೀನಿ ಅತ್ತೆ, ಬಂದ್ಬಿಡಿ."

"ಬೆಳಿಗ್ಗೆ ಯಾಕೆ, ಈಗಲೇ ಕಳಿಸು." ಅತ್ತೆಯ ದನಿ ಪಿಸುಮಾತಿಗಿಳಿಯಿತು. "ನನ್ನ ಮಗಳು ನಿನಗಿಂತ ಜಾಸ್ತಿ ಓದಿಕೊಂಡವಳು. ಆರೋಗ್ಯಕ್ಕೆ ಕೆಟ್ಟದ್ದಂತೆ, ನಿನ್ನೆಯಿಂದ ಕಾಫಿನೇ ಕೊಟ್ಟಿಲ್ಲ."