ಪುಣೆಯಿಂದ ಬಿಡಿಸು ಎಂದು ಕಟ್ಟಿದ ಮುಡಿಪು

ನಾನು ದೇವರ ಹತ್ತಿರ ಏನು ಬೇಡಿಕೊಂಡರೂ ಅವನು ಇಲ್ಲ ಅನ್ನುವವನಲ್ಲ. ಮೊದಲು ಸ್ವಲ್ಪ ಹೊತ್ತು ನನ್ನನ್ನು ನೋಡಿ ನಗುತ್ತಾನೆ, ಆಮೇಲೆ ಕೊಡುತ್ತಾನೆ. ನನ್ನ ಬದುಕಿನಲ್ಲಿ ಇದು ಮತ್ತೆ ಮತ್ತೆ ಆಗುತ್ತಲೇ ಇರುತ್ತದೆ. ಪುಣೆಯಲ್ಲಿದ್ದ ಹದಿನೈದು ದಿನಗಳಲ್ಲಂತೂ ಅವನು ನಕ್ಕ ಸದ್ದು ನನಗೇ ಕೇಳಿಸಿತು ಅನ್ನಬೇಕು.

೧. ರೈಲು ನಿಲ್ಲುವ ಊರು

ನಮ್ಮ ಮನೆಯಲ್ಲಿ ರಜೆ ಎಂದರೆ ಕ್ಷೇತ್ರ. ಒಂದು ವರ್ಷ ಉಡುಪಿ, ಒಂದು ವರ್ಷ ತಿರುಪತಿ, ಇನ್ನೊಂದು ವರ್ಷ ಮಂತ್ರಾಲಯ. ನನ್ನ ತಂಗಿ ಮದುವೆಯಾಗಿ ಪುಣೆಗೆ ಹೋಗಿ ಹದಿನೆಂಟು ವರ್ಷವಾಯಿತು. ಪ್ರತಿ ವರ್ಷ ಕರೆಯುತ್ತಾಳೆ. ಪ್ರತಿ ವರ್ಷ ನಾನು ಯಾವುದೋ ಒಂದು ದೇವರನ್ನು ಅಡ್ಡ ನಿಲ್ಲಿಸಿ ತಪ್ಪಿಸಿಕೊಳ್ಳುತ್ತೇನೆ. ಎರಡು ಸಲ ಬರುತ್ತೇನೆಂದು ಮಾತು ಕೊಟ್ಟು ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದೂ ಉಂಟು.

ಈ ಸಲ ನಮ್ಮ ಮನೆಯವರು, "ಪುಣೆಗೇ ಹೋಗೋಣ ಕಣೇ" ಎಂದು ಹಟ ಹಿಡಿದರು.

"ಪುಣೆಗೆ ಯಾರಾದರೂ ರಜೆಗೆ ಹೋಗ್ತಾರಾ? ಅದು ಪಂಢರಪುರಕ್ಕೋ ಶಿರಡಿಗೋ ಹೋಗುವಾಗ ರೈಲು ನಿಲ್ಲುವ ಊರು."

"ಈ ಸಲ ರೈಲಿನ ಜೊತೆ ನಾವೂ ನಿಲ್ಲೋಣ" ಎಂದರು ಅವರು.

ಸ್ಟೇಷನ್ನಿನಲ್ಲಿ ತಂಗಿ ನನ್ನ ಕೈಚೀಲ ತೆಗೆದುಕೊಂಡವಳು ಮೊದಲು ಹೇಳಿದ್ದೇ ಇದು: "ಅಕ್ಕ, ಹದಿನೈದು ದಿನ ಅಂದಿದೀಯ. ಹದಿನೈದು ದಿನ ಇರಬೇಕು. ಈ ಸಲವೂ ಅರ್ಧಕ್ಕೇ ಎದ್ದು ಹೋದರೆ ನಾನು ಇನ್ನು ಯಾವತ್ತೂ ಕರೆಯೋದಿಲ್ಲ." ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ನಗುತ್ತಿರಲಿಲ್ಲ.

ಬಿಬವೇವಾಡಿಯಲ್ಲಿ ಅವಳ ಮನೆ ಮೂರನೇ ಮಹಡಿ. ಕೆಳಗೆ ಮಾರ್ಕೆಟ್ಟು. ಒಬ್ಬ ಕೊತ್ತಂಬರಿ ಎಂದು ಕೂಗುತ್ತಾನೆ, ಇನ್ನೊಬ್ಬ ಹಳೇ ಪೇಪರ್ ಎಂದು ಕೂಗುತ್ತಾನೆ. ಸಂಜೆ ಸಂಧ್ಯಾದೀಪ ಹಚ್ಚಿ ಕೂತರೆ ನನ್ನ ಸ್ತೋತ್ರ ನನ್ನ ಕಿವಿಗೇ ಬೀಳುವುದಿಲ್ಲ. ಭಾಷೆ ಗೊತ್ತಿಲ್ಲ, ಮಡಿ ಇಲ್ಲ. ಹದಿನೈದು ದಿನ ಹೇಗಪ್ಪಾ ಕಳೆಯುವುದು?

ತಂಗಿಯ ದೇವರ ಗೂಡಿನಲ್ಲಿ ನಮ್ಮಮ್ಮ ಕೊಟ್ಟ ಶ್ರೀನಿವಾಸನ ಪಟವಿತ್ತು. ಯಾರೂ ಇಲ್ಲದ ಹೊತ್ತು ನೋಡಿ, ಬಿಳಿ ಬಟ್ಟೆಯ ಚೂರಿಗೆ ಅರಿಶಿನ ಹಚ್ಚಿ, ಒಂದು ನಾಣ್ಯ ಇಟ್ಟು ಗಂಟು ಕಟ್ಟಿದೆ. "ಸ್ವಾಮಿ, ತಂಗಿಯ ಮನಸ್ಸು ನೋಯದ ಹಾಗೆ, ನನ್ನ ತಪ್ಪೂ ಇಲ್ಲದ ಹಾಗೆ, ಐದು ದಿನದೊಳಗೆ ನನ್ನನ್ನು ಮೈಸೂರು ಸೇರಿಸಿಬಿಡು. ತಿರುಪತಿ ಬೆಟ್ಟಕ್ಕೆ ನಡೆದೇ ಹತ್ತಿ ಬರುತ್ತೇವೆ" ಎಂದು ಬೇಡಿಕೊಂಡು ಮುಡಿಪನ್ನು ಪಟದ ಹಿಂದೆ ಇಟ್ಟೆ.

ಬರುತ್ತೇನೆ ಅನ್ನಲಿಲ್ಲ, ಬರುತ್ತೇವೆ ಅಂದೆ. ನಮ್ಮ ಮನೆಯವರಿಗೆ ಮಂಡಿನೋವು ಎಂದು ನೆನಪಾದದ್ದು ಗಂಟು ಬಿಗಿದ ಮೇಲೆ.

೨. ಮೆಟ್ಟಿಲ ಮೇಲೊಂದು ಊಟ

ತಂಗಿಯ ಗಂಡ ವಿಜಯಪುರದ ಕಡೆಯವರು. ಭಾಳ ಮರ್ಯಾದೆಯ ಮನುಷ್ಯ. ನಾವು ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲವೆಂದು ಮೊದಲ ದಿನವೇ ಅಡುಗೆಮನೆಯಿಂದ ಎರಡನ್ನೂ ಗಡೀಪಾರು ಮಾಡಿದ್ದರು.

"ಹದಿನೈದು ದಿನ ನಾನೂ ಬಿಟ್ಟೇನ್ರಿ ಅಕ್ಕಾರ. ನನಗೇನೂ ತ್ರಾಸ ಇಲ್ರಿ" ಎಂದರು.

ಮಾರನೇ ದಿನ ಮಧ್ಯಾಹ್ನ ಒಗೆದ ಸೀರೆ ಹರವಲು ಟೆರೇಸಿಗೆ ಹೊರಟೆ. ಮೇಲಿನ ಮೆಟ್ಟಿಲ ತಿರುವಿನಲ್ಲಿ ನಮ್ಮ ಮರ್ಯಾದಸ್ಥರು ಒಬ್ಬರೇ ಕೂತಿದ್ದಾರೆ. ತೊಡೆಯ ಮೇಲೆ ಜೋಳದ ರೊಟ್ಟಿ, ಕೈಯಲ್ಲಿ ಗುದ್ದಿ ಒಡೆದ ಈರುಳ್ಳಿ. ನನ್ನನ್ನು ನೋಡಿದ ಕೂಡಲೇ ಬಾಯಿ ನಿಂತುಹೋಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಕೊನೆಗೆ ಹೇಗೋ ನುಂಗಿ, "ಅಕ್ಕಾರ, ಒಂದು ಕೆಲಸ ಮಾಡೂಣ್ರಿ. ನೀವು ನೋಡಿಲ್ಲ ಅಂತ ನೀವು ತಿಳ್ಕೋರಿ, ನಾ ತಿಂದಿಲ್ಲ ಅಂತ ನಾ ತಿಳ್ಕೋತೀನಿ" ಎಂದರು.

ನನ್ನ ಮಡಿಗಾಗಿ ಒಬ್ಬ ಗೃಹಸ್ಥ ತನ್ನ ಮನೆಯಲ್ಲೇ ಕಳ್ಳನಂತೆ ಊಟ ಮಾಡಬೇಕೇ? ಮನಸ್ಸು ತಡೆಯಲಿಲ್ಲ. ಆ ರಾತ್ರಿ ಊಟಕ್ಕೆ ನಾನೇ ಈರುಳ್ಳಿ ತರಿಸಿ ಅವರ ತಟ್ಟೆಯ ಪಕ್ಕ ಇಟ್ಟೆ. ಅವರು ಅದನ್ನೂ ನನ್ನನ್ನೂ ಎರಡು ಸಲ ನೋಡಿ ಹೆಂಡತಿಗೆ ಪಿಸುಗುಟ್ಟಿದರು: "ಏ, ಅಕ್ಕಾರಿಗೆ ಆರಾಮ ಅದ ಏನು? ಜ್ವರಾ ಬಂದಾವೇನ ಕೇಳು."

೩. ಒಂದರಿಂದ ನಾಲ್ಕು

ಆ ದಿನವೇ ಕರ್ಪೂರ ಮುಗಿದಿತ್ತು. ಮಧ್ಯಾಹ್ನ ಎರಡು ಗಂಟೆಗೆ ಕೆಳಗಿನ ಅಂಗಡಿಗೆ ಹೋದೆ. ಶಟರ್ ಅರ್ಧ ಇಳಿದಿತ್ತು. ಬಗ್ಗಿ ನೋಡಿದರೆ ಅಂಗಡಿಯ ಯಜಮಾನರು ಅಕ್ಕಿ ಮೂಟೆಗಳ ನಡುವೆ ಚಾಪೆ ಹಾಸಿ ಮಲಗಿದ್ದಾರೆ.

ನನ್ನ ಇಸ್ಕೂಲಿನ ಹಿಂದಿಯಲ್ಲಿ ಕರೆದೆ. ಒಂದು ಕಣ್ಣು ತೆರೆದು, "ಒಂದರಿಂದ ನಾಲ್ಕು ಬಂದ್" ಎಂದು ಮತ್ತೆ ಮುಚ್ಚಿದರು.

ನನಗೆ ಸಿಟ್ಟು ಬಂತು. "ನನಗಲ್ಲ ಸ್ವಾಮಿ, ದೇವರಿಗೆ ಬೇಕು!"

ಈಗ ಎರಡೂ ಕಣ್ಣು ತೆರೆದವು. "ತಾಯಿ, ದೇವಸ್ಥಾನದಲ್ಲಿ ಮಧ್ಯಾಹ್ನ ಬಾಗಿಲು ಹಾಕುತ್ತಾರಲ್ಲ, ಯಾಕೆ?"

"ದೇವರ ವಿಶ್ರಾಂತಿಗೆ" ಎಂದೆ.

"ಕುಳಿತಲ್ಲೇ ಕುಳಿತು ದರ್ಶನ ಕೊಡುವವನಿಗೇ ವಿಶ್ರಾಂತಿ ಬೇಕು. ನಾನು ಬೆಳಗಿನಿಂದ ಸಾಮಾನು ಎತ್ತಿ ಇಳಿಸಿದ್ದೇನೆ. ಅವನೂ ಮಲಗಿದ್ದಾನೆ, ಎಬ್ಬಿಸಬೇಡಿ."

ನಲವತ್ತು ವರ್ಷದಿಂದ ಪೂಜೆ ಮಾಡುತ್ತಿರುವ ನಾನು ಬರಿಗೈಯಲ್ಲಿ ಮೆಟ್ಟಿಲು ಹತ್ತಿದೆ. ಮನೆಗೆ ಬಂದು ಪಟದ ಮುಂದೆ ಸದ್ದಾಗದಂತೆ ಹೆಜ್ಜೆ ಇಟ್ಟೆ.

ನಾಲ್ಕು ಹೊಡೆದು ಐದು ನಿಮಿಷಕ್ಕೆ ಬಾಗಿಲ ಬೆಲ್ಲು. ಅಂಗಡಿಯವರೇ ಮೂರು ಮಹಡಿ ಹತ್ತಿ ಬಂದಿದ್ದರು. ಕೈಯಲ್ಲಿ ಕರ್ಪೂರದ ಪೊಟ್ಟಣ, ಜೊತೆಗೆ ಒಂದು ಹಿಡಿ ತುಳಸಿ. ಉಸಿರು ಬಿಡುತ್ತಾ ಕೇಳಿದರು: "ಎದ್ದನಾ?"

೪. ಉಪವಾಸದ ಊಟ

ಮೂರನೇ ದಿನ ಏಕಾದಶಿ. ನನಗೆ ಏಕಾದಶಿ ಎಂದರೆ ತುಳಸಿ ನೀರು, ಅಷ್ಟೇ. ಮೇಲಿನ ಮನೆಯಲ್ಲಿ ಒಬ್ಬರು ಆಜಿ, ಎಂಬತ್ತರ ಹತ್ತಿರದ ಮರಾಠಿ ಅಜ್ಜಿ. ತವರು ಸೊಲ್ಲಾಪುರವಾದ್ದರಿಂದ ಕನ್ನಡ ಬರುತ್ತಿತ್ತು. ನನ್ನ ಉಪವಾಸದ ಸುದ್ದಿ ಕೇಳಿ ಸಂತೋಷದಿಂದ ಇಳಿದು ಬಂದರು. ಕೈಯಲ್ಲಿ ತಟ್ಟೆ. ತಟ್ಟೆಯ ತುಂಬ ತುಪ್ಪದಲ್ಲಿ ಹೊಳೆಯುವ ಸಾಬುದಾಣಿ ಖಿಚಡಿ.

"ಆಜಿ, ನನಗೆ ಇವತ್ತು ಉಪವಾಸ" ಎಂದೆ.

"ಗೊತ್ತದವಾ. ಅದಕ್ಕ ತಂದೀನಿ."

"ಉಪವಾಸ ಅಂದರೆ... ತಿನ್ನೋದಿಲ್ಲ."

ಆಜಿ ಯೋಚಿಸಿದರು. ವಾಪಸ್ ಹೋಗಿ ಆಲೂಗಡ್ಡೆ ಪಲ್ಯ ತಂದರು. "ಇದರಾಗ ಅರಿಶಿಣ ಹಾಕಿಲ್ಲ." ನಾನು ಕೈಮುಗಿದೆ. ಇನ್ನೊಮ್ಮೆ ಹೋಗಿ ಶೇಂಗಾ ಉಂಡೆ, ಗೆಣಸಿನ ಸಿಹಿ ತಂದರು. ನಾನು ಬೇಡ ಎಂದಷ್ಟೂ ಉಪವಾಸ ದೊಡ್ಡದಾಗುತ್ತಾ ಹೋಯಿತು. ಕೊನೆಗೆ ಟೇಬಲ್ ಮೇಲೆ ಜಾಗವಿರಲಿಲ್ಲ.

ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಒಂದೇ ಒಂದು ಏಕಾದಶಿ ಮಾಡದ ನಮ್ಮ ಮನೆಯವರು ಅಲ್ಲಿಯವರೆಗೂ ಪೇಪರ್ ಓದುತ್ತಿದ್ದರು. ಈಗ ಕಾಲು ತೊಳೆದು ಬಂದು ಕೂತು, "ಆಜಿ, ನಾನೂ ಇವತ್ತು ಉಪವಾಸ" ಎಂದರು. ಎರಡು ತಟ್ಟೆ ಉಪವಾಸ ಮಾಡಿದರು. ಸಂಜೆ ಆಜಿ ಮಾಡಿದ ಬಟಾಟೆ ಚಿವಡಾದಿಂದ ಮತ್ತೊಂದು ಸಲ ಮಾಡಿದರು.

ಆಜಿಯ ಮುಖ ನೋಡಿ ನನಗೆ ಪಾಪ ಅನಿಸಿತು. "ದ್ವಾದಶಿ ಬೆಳಗ್ಗೆ ಸೂರ್ಯ ಹುಟ್ಟಿದ ಕೂಡಲೇ ಪಾರಣೆ ಮಾಡ್ತೀನಿ ಆಜಿ, ಆಗ ನಿಮ್ಮ ಕೈಯ ಅಡುಗೆಯೇ" ಎಂದು ಬಾಯಿಮಾತಿಗೆ ಹೇಳಿದೆ. ಮರುದಿನ ನಾನು ದೀಪ ಹಚ್ಚುವ ಹೊತ್ತಿಗೆ ಆಜಿ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಬಿಸಿ ಖಿಚಡಿಯನ್ನು ಬಾಳೆಲೆಯಲ್ಲಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅಷ್ಟು ವಯಸ್ಸಾದ ಜೀವ ನನಗಾಗಿ ಎಷ್ಟು ಹೊತ್ತಿಗೆ ಎದ್ದಿತೋ! ಕೃಷ್ಣಾರ್ಪಣವೆಂದು ಮೊದಲ ತುತ್ತು ಬಾಯಿಗಿಟ್ಟೆ.

ಒಳಗಿನಿಂದ ನಮ್ಮ ಮನೆಯವರ ಸ್ವರ: "ಮುಂದಿನ ಏಕಾದಶಿ ಯಾವಾಗ ಅಂತ ಪಂಚಾಂಗ ನೋಡೇ."

೫. ಪಾದ

ಅದೇ ಸಂಜೆ ಆಜಿ ನನ್ನನ್ನೂ ತಂಗಿಯನ್ನೂ ಓಣಿಯ ಕೊನೆಯ ವಿಠೋಬನ ಗುಡಿಗೆ ಕರೆದುಕೊಂಡು ಹೋದರು. ಚಿಕ್ಕ ಗುಡಿ. ಒಳಗೆ ಸೊಂಟದ ಮೇಲೆ ಕೈಯಿಟ್ಟ ವಿಠ್ಠಲ.

"ಹೋಗು, ತಲಿ ಇಡು" ಎಂದರು ಆಜಿ.

"ಎಲ್ಲಿ?"

"ಅವನ ಪಾದದ ಮ್ಯಾಲ."

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನಮ್ಮ ಕಡೆ ಗರ್ಭಗುಡಿಯ ಹೊಸ್ತಿಲ ಹತ್ತಿರವೂ ಸುಳಿಯುವ ಹಾಗಿಲ್ಲ. ಬೆಟ್ಟದ ಮೇಲಂತೂ ಇಡೀ ದಿನ ನಿಂತು, ಕಣ್ಣು ತೆರೆದು ಮುಚ್ಚುವುದರೊಳಗೆ ಮುಂದೆ ತಳ್ಳಿಬಿಡುತ್ತಾರೆ. "ಆಜಿ, ನಾನು ಮಡಿಯಲ್ಲಿ ಇಲ್ಲ, ರಸ್ತೆಯಲ್ಲಿ ನಡೆದು ಬಂದ ಸೀರೆ ಇದು" ಎಂದೆ.

"ಕೂಸು ಅವ್ವನ ಕಡೆ ಓಡುಮುಂದ ಸೀರಿ ನೋಡ್ಕೋತದೇನು? ನಡಿ."

ಹೋದೆ. ಬಗ್ಗಿದೆ. ತಣ್ಣನೆಯ ಕಲ್ಲಿನ ಪಾದ ಹಣೆಗೆ ತಾಗಿತು. ಅಷ್ಟೆಲ್ಲ ಕ್ಷೇತ್ರ ಸುತ್ತಿದವಳು ನಾನು, ಅವನನ್ನು ಮುಟ್ಟಿದ್ದು ಅದೇ ಮೊದಲು. ಏನೂ ಬೇಡಿಕೊಳ್ಳಲಿಲ್ಲ. ಅಳು ಬಂತು, ಅತ್ತೆ. ಯಾರೂ ತಳ್ಳಲಿಲ್ಲ, ಯಾರೂ ಗದರಲಿಲ್ಲ. ಹಾಗಾಗಿ ಏಳುವುದೂ ಮರೆತೆ.

ಎಷ್ಟು ಹೊತ್ತಾಯಿತೋ. ಹಿಂದಿನಿಂದ ಒಬ್ಬ ಮುದುಕರು ಬಹಳ ಮೃದುವಾಗಿ ಮರಾಠಿಯಲ್ಲಿ ಏನೋ ಹೇಳಿದರು. ತಂಗಿ ಬಗ್ಗಿ ನನ್ನ ಕಿವಿಯಲ್ಲಿ ಅನುವಾದಿಸಿದಳು: "ಅಕ್ಕ, ವಿಠೋಬ ಎಲ್ಲೂ ಹೋಗೋದಿಲ್ವಂತೆ. ಅವರು ಹೋಗಬೇಕಂತೆ, ಬಸ್ಸಿದೆಯಂತೆ."

೬. ಪೈಪು

ಐದನೇ ದಿನ ಬೆಳಗ್ಗೆ ಮೈಸೂರಿನಿಂದ ಪಕ್ಕದ ಮನೆಯವರ ಫೋನು. ನಮ್ಮ ಮನೆಯ ನೀರಿನ ಪೈಪು ಒಡೆದು ಅಂಗಳವೆಲ್ಲ ಕೆರೆಯಾಗಿದೆ, ಒಳಗೂ ನುಗ್ಗಿರಬಹುದು, ಕೂಡಲೇ ಹೊರಟು ಬನ್ನಿ ಎಂದರು.

ನನ್ನ ಎದೆ ಧಸಕ್ಕೆಂದಿತು. ಪೈಪಿಗಲ್ಲ. ಐದನೇ ದಿನ! ತಂಗಿಯ ಮನಸ್ಸು ನೋಯದ ಹಾಗೆ, ನನ್ನ ತಪ್ಪೂ ಇಲ್ಲದ ಹಾಗೆ! ಹೇಳಿದ್ದನ್ನು ಅಕ್ಷರ ಬಿಡದೆ ನಡೆಸಿಕೊಡುತ್ತಿದ್ದಾನಲ್ಲ!

ಮನೆಯವರು ಮೊಬೈಲಿನಲ್ಲಿ ತತ್ಕಾಲ್ ಟಿಕೆಟ್ ಹುಡುಕತೊಡಗಿದರು. ತಂಗಿ ಟೆರೇಸಿಗೆ ಹೋಗಿ ನನ್ನ ಸೀರೆ ತಂದು ಮಡಿಸಲು ಕೂತಳು. ಒಂದೇ ಸೀರೆಯನ್ನು ಮಡಿಸುತ್ತಾಳೆ, ಬಿಡಿಸುತ್ತಾಳೆ, ಮತ್ತೆ ಮಡಿಸುತ್ತಾಳೆ. "ಹೋಗಲಿ ಬಿಡು ಅಕ್ಕ, ಐದು ದಿನ ಇದ್ಯಲ್ಲ" ಎಂದಳು. ಆ ಸ್ವರ ಕೇಳಿ ನನಗೆ ನಿಲ್ಲಲಾಗಲಿಲ್ಲ. ದೇವರ ಗೂಡಿಗೆ ಓಡಿದೆ. ಎರಡನೇ ಮುಡಿಪು ಕಟ್ಟಿದೆ.

"ಸ್ವಾಮಿ, ಆವತ್ತು ಹೇಳಿದವಳಿಗೆ ಬುದ್ಧಿ ಇರಲಿಲ್ಲ. ಹದಿನೈದು ದಿನ ಇರಿಸು. ಇವರ ಮುಡಿ ಕೊಡಿಸುತ್ತೇನೆ."

ಮನೆಯವರ ತಲೆಗೂದಲ ವಿಷಯ ಹೇಳಬೇಕು. ಅರವತ್ತೆರಡು ವಯಸ್ಸಿಗೂ ದಟ್ಟವಾದ ಕೂದಲು. ದಿನಕ್ಕೆ ಮೂರು ಸಲ ಬಾಚುತ್ತಾರೆ. ದೊಡ್ಡ ಕೆಲಸಕ್ಕೆ ದೊಡ್ಡದನ್ನೇ ಕೊಡಬೇಕಲ್ಲ.

ಅರ್ಧ ಗಂಟೆಯಲ್ಲಿ ಮತ್ತೆ ಫೋನು. ಪ್ಲಂಬರ್ ಬಂದ, ಪೈಪು ಬದಲಾಯಿಸಿದ, ಒಳಗೆ ಒಂದು ಹನಿಯೂ ಹೋಗಿಲ್ಲ, ನೀವು ನಿಶ್ಚಿಂತೆಯಾಗಿರಿ. ತಂಗಿ ಆ ಸೀರೆಯನ್ನು ಹಾಗೇ ತೊಡೆಯ ಮೇಲೆ ಹಾಕಿಕೊಂಡು ಜೋರಾಗಿ ಅತ್ತಳು, ನಾನೂ ಅತ್ತೆ. ನಮ್ಮನ್ನು ನೋಡಿ ಅವಳ ಗಂಡ ಗಾಬರಿಯಾದರು. "ಪೈಪ್ ರಿಪೇರಿ ಆತಂದ್ರ ಯಾಕ ಅಳಾಕತ್ತೀರಿ?"

ಉಳಿದ ಹತ್ತು ದಿನ ಹೇಗೆ ಹೋಯಿತೋ ತಿಳಿಯಲಿಲ್ಲ. ದಿನಾ ಸಂಜೆ ವಿಠೋಬ, ದಿನಾ ಮಧ್ಯಾಹ್ನ ಒಂದರಿಂದ ನಾಲ್ಕು ನಿದ್ದೆ. ಹೊರಡುವ ದಿನ ಬೆಳಗ್ಗೆ ನನ್ನ ಎರಡು ಮುಡಿಪನ್ನು ಗುಟ್ಟಾಗಿ ತೆಗೆದುಕೊಳ್ಳೋಣವೆಂದು ಪಟದ ಹಿಂದೆ ಕೈಹಾಕಿದೆ. ಮೂರು ಗಂಟು ಬಂದವು.

ತಿರುಗಿದರೆ ತಂಗಿ ನಿಂತಿದ್ದಾಳೆ. ಮುಖ ಕೆಂಪಾಗಿತ್ತು. "ಅದೊಂದು ನಂದು ಅಕ್ಕ. ನಿನಗೆ ನಮ್ಮೂರು ಹಿಡಿಸಲಿ ಅಂತ ನೀನು ಬರೋ ದಿನವೇ ಕಟ್ಟಿದ್ದೆ."

ನಾನೂ ನನ್ನ ಎರಡನ್ನೂ ಒಪ್ಪಿಕೊಂಡೆ. ಮೊದಲನೆಯದನ್ನು ಕೇಳಿ ಬೆನ್ನಿಗೊಂದು ಗುದ್ದಿದಳು, ಎರಡನೆಯದಕ್ಕೆ ತಬ್ಬಿಕೊಂಡಳು. ಅಷ್ಟರಲ್ಲಿ ಮನೆಯವರು ತಲೆ ಬಾಚುತ್ತಾ ಬಂದರು. ಮುಚ್ಚಿಡುವುದು ಸಾಧ್ಯವಿರಲಿಲ್ಲ.

"ಅಂದರೆ ನಡೆದು ಹತ್ತಬೇಕಾದವನು ನಾನು" ಎಂದರು. "ಮೊದಲನೇದು ನಡೀಲೇ ಇಲ್ಲವಲ್ಲೇ?"

"ಪೈಪು ಒಡೆಸಿದ್ದು ಅವನ ಪ್ರಯತ್ನ ಅಲ್ವಾ? ಕೆಲಸ ಶುರು ಮಾಡಿದ್ದ, ನಿಲ್ಲಿಸಿದವಳು ನಾನು. ನಮ್ಮ ಮಾತು ನಾವು ಉಳಿಸಿಕೊಳ್ಳಬೇಕು" ಎಂದೆ.

"ಕೂದಲು ಕೊಡಬೇಕಾದವನೂ ನಾನು. ಸರಿ. ನಿಂದೇನಮ್ಮಾ ಹರಕೆ?" ಎಂದು ತಂಗಿಯನ್ನು ಕೇಳಿದರು.

ತಂಗಿ ನೆಲ ನೋಡುತ್ತಾ ಹೇಳಿದಳು: "ಭಾವನ ಕೈಲಿ ಉರುಳುಸೇವೆ ಮಾಡಿಸ್ತೀನಿ ಅಂತ... ನಮ್ಮವರಿಗೆ ಬೆನ್ನುನೋವು ಭಾವ."

ಅವರು ಬಾಚಣಿಗೆಯನ್ನು ಜೇಬಿಗಿಟ್ಟರು. ಪಟದ ಮುಂದೆ ಬಂದು ನಿಂತರು. ಆಮೇಲೆ ಶಾಂತವಾಗಿ, "ಅರಿಶಿನ ಇನ್ನೂ ಇದೆಯೇನಮ್ಮ?" ಎಂದರು. ಬಟ್ಟೆಯ ಚೂರು, ನಾಣ್ಯ ಇಸಿದುಕೊಂಡು ತಾವೇ ಗಂಟು ಕಟ್ಟಿ, ನಮಗೆಲ್ಲ ಕೇಳುವಂತೆ ಬೇಡಿಕೊಂಡರು: "ಸ್ವಾಮಿ, ಮುಂದಿನ ವರ್ಷವೂ ರಜೆಗೆ ನಮ್ಮನ್ನು ಇಲ್ಲಿಗೇ ಕರೆಸು. ಇವಳ ಕೈಲಿ ಒಂದು ತಿಂಗಳು ಮೌನವ್ರತ ಮಾಡಿಸ್ತೀನಿ."

ಬೆಟ್ಟ ಹತ್ತಿದ್ದಾಯಿತು, ಉರುಳಿದ್ದೂ ಆಯಿತು. ಮನೆಯವರ ತಲೆಯಲ್ಲಿ ಈಗಷ್ಟೇ ಹೊಸ ಕೂದಲು ಮೊಳೆಯುತ್ತಿದೆ. ಮೊನ್ನೆ ತಂಗಿ ಫೋನು ಮಾಡಿ, ಆಜಿ ಕೇಳ್ತಿದಾರೆ, ಈ ವರ್ಷ ಯಾವಾಗ ಬರ್ತೀಯ ಅಂದಳು. ಮೌನವ್ರತ ನೆನಪಿತ್ತು. ಆದರೂ ತಡೆಯಲಾಗದೆ ನಾನೇ ಮನೆಯವರಿಗೆ, "ಪುಣೆಗೆ ಟಿಕೆಟ್ ಮಾಡಿಸಿ" ಎಂದುಬಿಟ್ಟೆ. ಅವರು ಕ್ಯಾಲೆಂಡರಿನಲ್ಲಿ ಒಂದು ತಿಂಗಳಿಗೆ ಗುರುತು ಹಾಕಿದರು.

ನಾಳೆ ಬೆಳಗ್ಗೆಯಿಂದ ಮೌನ ಶುರು. ಅದಕ್ಕೇ ಹೇಳುವುದನ್ನೆಲ್ಲ ಇವತ್ತೇ ಹೀಗೆ ಬರೆದು ಮುಗಿಸುತ್ತಿದ್ದೇನೆ.