ಹೊಟ್ಟೆ ಕರಗಿಸುವ ಗುತ್ತಿಗೆ

ಮೊದಲೇ ಕ್ಷಮೆ ಕೇಳುತ್ತೇನೆ, ನನಗೆ ಹೇಳಲು ಸರಿಯಾಗಿ ಬರುವುದಿಲ್ಲ. ಬರೆಯುತ್ತಿರುವುದು ಇದೇ ಮೊದಲ ಸಲ. ನಾನು ಕಮಲಾಪುರದವನು, ಕಲಬುರಗಿಯ ಸೇಡಂ ರಸ್ತೆಯ ಒಂದು ಜಿಮ್ಮಿನಲ್ಲಿ ವ್ಯಾಯಾಮ ಕಲಿಸುತ್ತೇನೆ. ಕಲಿಸುತ್ತೇನೆ ಅಂದರೆ, ಭಾರ ಎತ್ತುವವರು ಬೇರೆಯವರು. ನಾನು ಪಕ್ಕದಲ್ಲಿ ನಿಂತು "ಇನ್ನೊಂದೇ, ಇದೇ ಕೊನೀದು" ಅನ್ನುವವನು. ಅದು ಯಾವತ್ತೂ ಕೊನೆಯದಾಗಿರುವುದಿಲ್ಲ. ಹಾಗಾಗಿ ನನ್ನನ್ನು ಯಾರೂ ನಂಬುವುದಿಲ್ಲ, ನಾನೂ ಯಾರನ್ನೂ ನಂಬುವುದಿಲ್ಲ. ಇಂಥ ಜಾಗದಲ್ಲಿ ಏನಾದರೊಂದು ಆಗದೆ ಇರುತ್ತದೆಯೇ?

ಈಗ ಆಗಿರುವುದು ಇಷ್ಟು. ಇಲ್ಲಿಯತನಕ ಬಾಯಿಮಾತಿನ ಮೇಲೆ ದುಡಿಯುತ್ತಿದ್ದೆ. ಈ ಶನಿವಾರದೊಳಗೆ ನಾನು ಪಗಾರದ ನೌಕರನೋ, ಸ್ವತಂತ್ರ ಗುತ್ತೇದಾರನೋ ಎಂದು ಜಿಮ್ಮಿನ ಮಾಲಕರಿಗೆ ಬರೆದುಕೊಡಬೇಕಂತೆ. ನನ್ನ ಮದುವೆಯ ಮಾತೂ ಅಲ್ಲಿಗೇ ಬಂದು ನಿಂತಿದೆ. "ಹುಡುಗ ಏನಂತ ಪಕ್ಕಾ ಆಗ್ಲಿ, ಆಮ್ಯಾಲ ನೋಡೂಣು" ಎಂದು ಮಹಾಗಾಂವದ ಹುಡುಗಿಯ ತಂದೆ ಹೇಳಿಬಿಟ್ಟಿದ್ದಾರೆ.

೧. ರಾಜನ ಸುಟ್ಟಿ

ಮಾಲಕರು ಕರೆದು ಚಹಾ ಕೊಟ್ಟರು. ಅಲ್ಲೇ ನನಗೆ ಸಂಶಯ ಬಂತು, ಏಕೆಂದರೆ ಅವರು ನೀರನ್ನೂ ಕೊಟ್ಟವರಲ್ಲ.

"ನೌಕರ ಆದ್ರ ನಾ ಹೇಳಿದಂಗ ಕೇಳ್ಬೇಕು. ಗುತ್ತೇದಾರ ಆದ್ರ ನೀನೇ ರಾಜಾ" ಅಂದರು.

"ಹಂಗಾದ್ರ ಮುಂಜಾನಿ ಯಾವಾಗ ಬೇಕಾದ್ರೂ ಬರಬಹುದೇನ್ರಿ?"

"ಬಾರಪಾ, ಬ್ಯಾಡ ಅಂದವರ್ಯಾರು? ಐದೂವರಿ ಒಳಗ ಯಾವಾಗರ ಬಾ."

"ಮತ್ತ ಸುಟ್ಟಿ? ವಾರಕ್ಕೊಂದ್ ದಿನ ರಜಾ?"

"ಹುಚ್ಚಪ್ಪಾ, ರಾಜಾ ಎಲ್ಯಾರ ಸುಟ್ಟಿ ತೊಗೋತಾನೇನು?"

೨. ಗಟಾರದ ಕಾಕಾ

ಊರಲ್ಲಿ ಅವ್ವ, ಮಗ ಗುತ್ತೇದಾರ ಆಗುತ್ತಾನಂತೆ ಎಂದು ಯಾರ ಮುಂದೋ ಅಂದಿದ್ದಳು. ನಮ್ಮ ಕಡೆ ಗುತ್ತೇದಾರ ಅಂದರೆ ರಸ್ತೆ, ಗಟಾರ ಮಾಡಿಸುವವನು. ಮರುದಿನವೇ ಓಣಿಯ ಕಾಕಾ ಬಾಗಿಲಿಗೆ ಬಂದರು.

"ನಮ್ಮ ಮನಿ ಮುಂದಿನ ಗಟಾರ ಯಾವಾಗ ಮಾಡಸ್ತಿ ತಮ್ಮಾ?"

"ಕಾಕಾ, ನಂದು ಗಟಾರದ್ದಲ್ರಿ. ಮಂದಿ ಹೊಟ್ಟಿ ಕರಗಸೋ ಗುತ್ತಿಗಿ."

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕರಗಿದ ಹೊಟ್ಟಿ ಮತ್ತ ಬರೂದಿಲ್ಲೇನು?"

"ವ್ಯಾಯಾಮ ಬಿಟ್ರ ಬರ್ತದ್ರಿ."

"ಅಂದ್ರ ನೀ ಬಿಲ್ ತೆಗಿಯೋದು, ಒಂದು ಮಳಿಗಾಲ ಆದಮ್ಯಾಲ ಅದು ಮತ್ತ ಮೊದಲಿನಂಗ ಆಗೋದು. ಥೇಟ್ ರೋಡಿನ ಕೆಲಸನೇ ಬಿಡು!"

೩. ಏಕವಚನ, ಬಹುವಚನ

ಇದು ಇವತ್ತಿನದು. ಇವತ್ತೇ ಆ ಶನಿವಾರ, ಮೇಲಿನದನ್ನು ಮೊದಲೇ ಬರೆದಿಟ್ಟಿದ್ದೆ. ಹುಡುಗಿಯ ತಂದೆ ಯಾರ ಮಾತನ್ನೂ ನಂಬದೆ, ತಾವೇ ಜಿಮ್ಮಿಗೆ ಬಂದರು. ಧೋತರ ಎತ್ತಿಕಟ್ಟಿ, "ಇದ್ರಾಗ ಏನ್ ಮೋಸ ಅದ ನೋಡ್ತೀನಿ" ಎಂದು ನಡೆಯುವ ಮಷೀನು ಹತ್ತಿದರು. ಅದು ನಾವು ನಡೆದರೂ ಎಲ್ಲಿಗೂ ಹೋಗದಂಥ ಮಷೀನು, ಕಾಲ ಕೆಳಗಿನ ಪಟ್ಟಿ ತಾನೇ ಸರಿಯುತ್ತದೆ. ನಡೆಯುತ್ತಲೇ ಮಾಲಕರನ್ನು ಕೇಳಿದರು:

"ಇವ ನಿಮ್ಮ ಮನುಷ್ಯಾನೇ ಏನ್ರಿ?"

"ನಮ್ಮವನೇ ರೀ! ಮನಿ ಮಗ ಇದ್ದಂಗ ಇದ್ದಾನ."

"ನಾಳಿ ಇವನ ಕಾಲ ಮ್ಯಾಲ ಕಬ್ಬಿಣ ಬಿದ್ರ ದವಾಖಾನಿ ಖರ್ಚು?"

"ಅದು ಅವರು ನೋಡ್ಕೋತಾರ್ರಿ. ಅವರು ಸ್ವತಂತ್ರರು."

ಗಮನಿಸಿದಿರಾ? ಖರ್ಚಿನ ಮಾತು ಬಂದ ಕೂಡಲೇ ನಾನು "ಅವರು" ಆದೆ.

"ಇಷ್ಟ್ ಮರ್ಯಾದಿ ಕೊಡಾಕತ್ತಾರಂದ್ರ ಏನೋ ಅದ" ಎಂದು ಹಿರಿಯರು ನನಗಷ್ಟೇ ಕೇಳುವಂತೆ ಅಂದರು. ಮಾಲಕರು ಫೋನು ಬಂತೆಂದು ಹೊರಗೆ ಹೋದರು. ಹಿರಿಯರು ಇನ್ನೂ ನಡೆಯುತ್ತಿದ್ದಾರೆ, ನಾನು ಮೇಜಿಗೆ ಕೂತು ಇದನ್ನು ಬರೆಯುತ್ತಿದ್ದೇನೆ. ನೌಕರ ಎಂದೇ ಬರೆದುಕೊಡುವುದೆಂದು ತೀರ್ಮಾನಿಸಿದೆ. ಏಕೆಂದರೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಗುತ್ತೇದಾರನಾದರೆ ಬಹುವಚನ, ಆದರೆ ಬಿದ್ದಾಗ ಒಬ್ಬನೇ. ನೌಕರನಾದರೆ ಏಕವಚನ, ಆದರೆ ಬಿದ್ದಾಗ—

ತಡೆಯಿರಿ, ಮಷೀನಿನ ಮೇಲಿಂದ ಕೂಗುತ್ತಿದ್ದಾರೆ:

"ಅಳಿಯಂದ್ರ! ನೀವು ಏನರ ಆಗ್ರಿ, ಮೊದಲ ಬಂದು ಇದನ್ನ ನಿಲ್ಲಸ್ರೀ!"